ಅಂಚೆಚೀಟಿ ಕಂಡುಹಿಡಿದವರು ರೋಲ್ಯಾಂಡ್ ಹಿಲ್ ಎನ್ನುವುದು ಎಷ್ಟು ನಿಜ?

ಇಂಗ್ಲೆಂಡಿನ ಒಂದು ಹಳ್ಳಿ. ಅಂಚೆಯವನು ಕಾಗದ ತರುತ್ತಾನೆ. ಬಡ ಹೆಣ್ಣುಮಗಳೊಬ್ಬಳು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ದುಡ್ಡಿಲ್ಲ ಎಂದು ವಾಪಸು ಕೊಡುತ್ತಾಳೆ. ಅದೇ ದಾರಿಯಲ್ಲಿ ಬಂದ ರೋಲ್ಯಾಂಡ್ ಹಿಲ್ ಮರುಗಿ ತಾವೇ ಹಣ ಕೊಡುತ್ತಾರೆ. ಅಂಚೆಯವನು ಅತ್ತ ಹೋದ ಮೇಲೆ ಆಕೆ ನಿಜ ಹೇಳುತ್ತಾಳೆ. ಕಾಗದದೊಳಗೆ ಒಂದಕ್ಷರವೂ ಇಲ್ಲ. ತಾನು ಕ್ಷೇಮ ಎಂದು ತಿಳಿಸಲು ಅಣ್ಣ ಆಗಾಗ ಖಾಲಿ ಹಾಳೆ ಕಳಿಸುತ್ತಾನೆ, ಹಣ ಕೊಡದೆಯೇ ಸುದ್ದಿ ಮುಟ್ಟುತ್ತದೆ.

ನಮ್ಮಲ್ಲಿ ಹಲವರು ಈ ಕತೆ ಕೇಳಿರುತ್ತೇವೆ. ಕತೆ ಹಳೆಯದೇ, ಆದರೆ ಅದರಲ್ಲಿ ಹಣ ಕೊಟ್ಟ ದಾರಿಹೋಕ ಹಿಲ್ ಅಲ್ಲ, ಕವಿ ಸ್ಯಾಮ್ಯುಯೆಲ್ ಟೇಲರ್ ಕೋಲರಿಜ್. ಹಿಲ್ ಅದನ್ನು ತಮ್ಮ ವಾದಕ್ಕೆ ಉದಾಹರಣೆಯಾಗಿ ಬಳಸಿಕೊಂಡರು. ಬಾಯಿಂದ ಬಾಯಿಗೆ ಹೋಗುತ್ತ ಅದು ಅವರದೇ ಅನುಭವವಾಗಿಬಿಟ್ಟಿತು.

ಹಾಗೆ ನೋಡಿದರೆ ಹಿಲ್‌ಗೆ ಎರವಲು ಕತೆಯ ಅಗತ್ಯವೇ ಇರಲಿಲ್ಲ. ಅವರು ಹುಟ್ಟಿದ್ದು 1795ರ ಡಿಸೆಂಬರ್ 3ರಂದು, ಇಂಗ್ಲೆಂಡಿನ ಕಿಡರ್‌ಮಿನ್‌ಸ್ಟರ್‌ನಲ್ಲಿ. ತಂದೆ ಥಾಮಸ್ ರೈಟ್ ಹಿಲ್ ಮುಂದೆ ಬರ್ಮಿಂಗ್‌ಹ್ಯಾಮ್‌ನಲ್ಲಿ ಶಾಲೆ ನಡೆಸಿದರು. ಮನೆ ತುಂಬ ಮಕ್ಕಳು, ಕೈಯಲ್ಲಿ ಕಾಸಿಲ್ಲ. ಅಂಚೆಯವನು ಬಾಗಿಲು ತಟ್ಟಿದರೆ ತಾಯಿಗೆ ಎದೆ ಧಸಕ್ಕೆನ್ನುತ್ತಿತ್ತು, ಏಕೆಂದರೆ ಆಗ ಅಂಚೆಯ ಖರ್ಚು ಕಳಿಸಿದವರದ್ದಲ್ಲ, ಪಡೆದವರದ್ದು. ಒಮ್ಮೆ ಅಂಚೆ ಹಣ ಹೊಂದಿಸಲು ಹಳೆ ಬಟ್ಟೆಯ ಗಂಟನ್ನು ಮಾರಿಬರುವಂತೆ ತಾಯಿ ರೋಲ್ಯಾಂಡ್‌ನನ್ನೇ ಕಳಿಸಿದ್ದರು. ಹುಡುಗ ಮೂರು ಶಿಲ್ಲಿಂಗ್ ತಂದ.

ಹನ್ನೆರಡನೇ ವಯಸ್ಸಿಗೇ ಹಿಲ್ ಅಪ್ಪನ ಶಾಲೆಯಲ್ಲಿ ಪಾಠ ಹೇಳತೊಡಗಿದರು. ಅಣ್ಣತಮ್ಮಂದಿರು ಸೇರಿ ಕಟ್ಟಿದ ಹೇಜಲ್‌ವುಡ್ ಶಾಲೆ ಹೊಡೆತವಿಲ್ಲದ ಶಿಕ್ಷಣಕ್ಕೆ ಹೆಸರಾಯಿತು. ನಂತರ ಕೆಲವು ವರ್ಷ ದಕ್ಷಿಣ ಆಸ್ಟ್ರೇಲಿಯಾ ವಸಾಹತಿನ ಆಯೋಗದಲ್ಲಿ ಕಾರ್ಯದರ್ಶಿ. ಅಂಚೆ ಇಲಾಖೆಯ ಒಳಗೆ ಒಂದು ದಿನವೂ ಕೆಲಸ ಮಾಡದ ಈ ಮನುಷ್ಯ ಸರ್ಕಾರದ ವರದಿಗಳ ರಾಶಿಯನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕಲು ಕೂತರು.

ಆ ಲೆಕ್ಕವನ್ನು ನಾವೂ ಒಮ್ಮೆ ಹಾಕಿ ನೋಡೋಣ. ಲಂಡನ್ನಿನಿಂದ ಸುಮಾರು 400 ಮೈಲಿ ದೂರದ ಎಡಿನ್‌ಬರೋಗೆ ಒಂದೇ ಹಾಳೆಯ ಪತ್ರ ಹೋದರೆ ಹದಿಮೂರೂವರೆ ಪೆನ್ನಿ ಶುಲ್ಕ. ಎರಡು ಹಾಳೆಯಾದರೆ ಎರಡು ಪಟ್ಟು. ಲಕೋಟೆಯೂ ಒಂದು ಹಾಳೆಯೇ, ಹಾಗಾಗಿ ಯಾರೂ ಲಕೋಟೆ ಬಳಸುತ್ತಿರಲಿಲ್ಲ. ಒಳಗೆಷ್ಟು ಹಾಳೆ ಇದೆ ಎಂದು ತಿಳಿಯಲು ಗುಮಾಸ್ತರು ಪತ್ರವನ್ನು ಮೇಣದಬತ್ತಿಯ ಬೆಳಕಿಗೆ ಹಿಡಿಯುತ್ತಿದ್ದರು. ಹೊಲದಲ್ಲಿ ದುಡಿಯುವ ಕೂಲಿಯವನಿಗೆ ಈ ಶುಲ್ಕ ಒಂದು ದಿನದ ಗಳಿಕೆಯ ಬಹುಪಾಲು.

ಈಗ ಅಸಲು ಖರ್ಚು. ಲಂಡನ್ನಿನಿಂದ ಎಡಿನ್‌ಬರೋಗೆ ಅಂಚೆಯ ಕುದುರೆಗಾಡಿ ಒಂದು ಸಲ ಹೋಗಲು ಸುಮಾರು 5 ಪೌಂಡ್, ಅಂದರೆ 1,200 ಪೆನ್ನಿ ತಗಲುತ್ತಿತ್ತು. ಅದು ಒಯ್ಯುತ್ತಿದ್ದ ಅಂಚೆಯ ತೂಕ ಇಂದಿನ ಅಳತೆಯಲ್ಲಿ ಸುಮಾರು 305 ಕಿಲೋ. ಸಾಮಾನ್ಯ ಪತ್ರದ ತೂಕ ಕಾಲು ಔನ್ಸ್, ಹೆಚ್ಚೆಂದರೆ ಏಳು ಗ್ರಾಂ. ಅಷ್ಟು ತೂಕದಲ್ಲಿ 43 ಸಾವಿರ ಪತ್ರ ಹಿಡಿಸುತ್ತವೆ. ಭಾಗಿಸಿದರೆ ಒಂದು ಪತ್ರ ಸಾಗಿಸುವ ಖರ್ಚು ಒಂದು ಪೆನ್ನಿಯ 36ನೇ ಒಂದು ಭಾಗ!

ಹಾಗಾದರೆ ಉಳಿದ ಹಣ ಎಲ್ಲಿ ಹೋಗುತ್ತಿತ್ತು? ಒಂದಿಷ್ಟು ಖಜಾನೆಗೆ ತೆರಿಗೆಯಾಗಿ. ಇನ್ನೊಂದಿಷ್ಟು ಹಾಳೆ ಎಣಿಸಿ, ದೂರ ನೋಡಿ, ಶುಲ್ಕ ಬರೆದು, ಮನೆ ಬಾಗಿಲಲ್ಲಿ ಕಾದು ಚಿಲ್ಲರೆ ವಸೂಲು ಮಾಡಿ, ಮತ್ತೆ ಅದಕ್ಕೆ ಲೆಕ್ಕ ಒಪ್ಪಿಸುವ ಕೆಲಸಕ್ಕೆ. ಖರ್ಚು ಹುಟ್ಟುವುದು ದಾರಿಯಲ್ಲಲ್ಲ, ಎರಡು ತುದಿಯ ಗುಮಾಸ್ತಿಕೆಯಲ್ಲಿ ಎಂಬುದು ಹಿಲ್ ಕಂಡುಕೊಂಡ ಸತ್ಯ. ನಮಗೆ ಅವರ ನಿಜವಾದ ಶೋಧ ಇದೇ ಅನ್ನಿಸುತ್ತದೆ. ದೂರದ ಲೆಕ್ಕ ಬಿಡಿ, ತೂಕ ನೋಡಿ, ಹಣವನ್ನು ಕಳಿಸುವವರಿಂದಲೇ ಮೊದಲೇ ಪಡೆಯಿರಿ ಎಂದು 1837ರಲ್ಲಿ ಅವರು ಕಿರುಹೊತ್ತಿಗೆಯೊಂದನ್ನು ಹೊರತಂದರು. ದೇಶದ ಯಾವ ಮೂಲೆಗಾದರೂ ಅರ್ಧ ಔನ್ಸಿನ ಪತ್ರಕ್ಕೆ ಒಂದೇ ಪೆನ್ನಿ.

ಅಂಚೆ ಇಲಾಖೆಯ ಹಿರಿಯರಿಗೆ ಇದು ಹುಚ್ಚಾಟವಾಗಿ ಕಂಡಿತು. ಅಷ್ಟೊಂದು ಪತ್ರ ಬಂದರೆ ಇಡಲು ಜಾಗವೆಲ್ಲಿ ಎಂಬ ಆತಂಕವೂ ಇತ್ತು. ಸಂಸದರಿಗೆ ಮಾತ್ರ ಪತ್ರ ಪುಕ್ಕಟೆ ಎಂಬುದನ್ನು ಇಲ್ಲಿ ನೆನಪಿಡಬೇಕು. ಜನಸಾಮಾನ್ಯರು ಅಡ್ಡದಾರಿ ಹುಡುಕಿಕೊಂಡಿದ್ದರು. ಪುಕ್ಕಟೆ ಹೋಗುವ ಪತ್ರಿಕೆಯ ಅಕ್ಷರಗಳ ಕೆಳಗೆ ಸೂಜಿಯಿಂದ ಚುಚ್ಚಿ ಸುದ್ದಿ ಕಳಿಸುತ್ತಿದ್ದರು, ಒಂದೇ ಹಾಳೆಯಲ್ಲಿ ಉದ್ದಕ್ಕೂ ಅಡ್ಡಕ್ಕೂ ಬರೆಯುತ್ತಿದ್ದರು. ವ್ಯಾಪಾರಿಗಳು ಹಿಲ್ ಬೆನ್ನಿಗೆ ನಿಂತರು. ಸಂಸತ್ತಿನಲ್ಲಿ ರಾಬರ್ಟ್ ವ್ಯಾಲೇಸ್ ದನಿಯೆತ್ತಿದರು. 1839ರ ಆಗಸ್ಟ್‌ನಲ್ಲಿ ಕಾಯ್ದೆಯಾಯಿತು. 1840ರ ಜನವರಿ 10ರಿಂದ ಒಂದು ಪೆನ್ನಿ ದರ ಜಾರಿ. ಹಣ ಕೊಡದೆ ಕಳಿಸಿದರೆ ಪಡೆದವರು ಎರಡು ಪೆನ್ನಿ ತೆರಬೇಕು. ಸಂಸದರ ಪುಕ್ಕಟೆ ಸವಲತ್ತು ಅದೇ ದಿನ ಹೋಯಿತು.

ಈಗ ಶೀರ್ಷಿಕೆಯ ಪ್ರಶ್ನೆಗೆ ಬರೋಣ. ಮೊದಲೇ ಹಣ ಪಡೆದು ಮುದ್ರೆ ಒತ್ತುವ ಪದ್ಧತಿ ಹೊಸದಲ್ಲ. 1680ರಲ್ಲೇ ವಿಲಿಯಂ ಡಾಕ್ವ್ರಾ ಲಂಡನ್ ನಗರದೊಳಗೆ ಪೆನ್ನಿ ಅಂಚೆ ನಡೆಸಿದ್ದರು. ಇನ್ನು ಹಿಂಬದಿಗೆ ಅಂಟು ಸವರಿದ ಪುಟ್ಟ ಚೀಟಿ. ಹಿಲ್ ಅದನ್ನು 1837ರ ಫೆಬ್ರವರಿಯಲ್ಲಿ ವಿಚಾರಣಾ ಆಯೋಗದ ಮುಂದೆ ಸೂಚಿಸಿದ್ದು ದಾಖಲಾಗಿದೆ. ಸ್ಕಾಟ್ಲೆಂಡಿನ ಡಂಡೀ ಊರಿನ ಜೇಮ್ಸ್ ಚಾಮರ್ಸ್ ಅದಕ್ಕೂ ಮೊದಲೇ, 1834ರಲ್ಲಿ, ಅಂಥ ಚೀಟಿ ಮಾಡಿದ್ದರು ಎಂದು ಅವರ ಮಗ ಬಹುಕಾಲ ವಾದಿಸಿದರು. ಆದರೆ ಚಾಮರ್ಸ್ ಲಿಖಿತವಾಗಿ ಕೊಟ್ಟ ಸಲಹೆಯ ದಿನಾಂಕ 1838ರ ಫೆಬ್ರವರಿ. ಆದ್ದರಿಂದ ಅಂಚೆಚೀಟಿಯನ್ನು ಹಿಲ್ ಒಬ್ಬರೇ ಶೂನ್ಯದಿಂದ ಕಂಡುಹಿಡಿದರು ಎನ್ನುವುದು ಉತ್ಪ್ರೇಕ್ಷೆ. ಅದನ್ನು ಬಳಕೆಗೆ ತಂದ ವ್ಯವಸ್ಥೆ ಅವರದು ಎನ್ನುವುದು ಸರಿ.

ತಮಾಷೆಯೆಂದರೆ, ಹಿಲ್ ಹೆಚ್ಚು ನೆಚ್ಚಿಕೊಂಡಿದ್ದು ಚೀಟಿಯನ್ನಲ್ಲ, ಕಲಾವಿದ ಮಲ್ರೆಡಿ ಚಿತ್ರ ಬರೆದ ಮುದ್ರಿತ ಲಕೋಟೆಯನ್ನು. ಜನ ಅದನ್ನು ಗೇಲಿ ಮಾಡಿ ಮೂಲೆಗೆಸೆದರು. ರಾಣಿ ವಿಕ್ಟೋರಿಯಾ ಮುಖವಿದ್ದ ಪುಟ್ಟ ಕಪ್ಪು ಚೀಟಿ, ಪೆನ್ನಿ ಬ್ಲ್ಯಾಕ್, 1840ರ ಮೇ 6ರಂದು ಬಳಕೆಗೆ ಬಂದು ಗೆದ್ದಿತು. ಹಾಳೆಗೆ 240 ಚೀಟಿ, ಸರಿಯಾಗಿ ಒಂದು ಪೌಂಡ್. ಅಂಚಿನಲ್ಲಿ ತೂತುಗಳಿರಲಿಲ್ಲ, ಕತ್ತರಿಯಿಂದ ಕತ್ತರಿಸಬೇಕಿತ್ತು. ಪೆನ್ನಿ ಬ್ಲ್ಯಾಕ್ ಜಗತ್ತಿನ ಅತಿ ಅಪರೂಪದ ಚೀಟಿ ಎಂಬ ಮಾತೂ ಸುಳ್ಳು. ಅಚ್ಚಾಗಿದ್ದು 6.8 ಕೋಟಿಗೂ ಹೆಚ್ಚು. ಅಜ್ಜನ ಪೆಟ್ಟಿಗೆಯಲ್ಲಿ ಒಂದು ಸಿಕ್ಕರೆ ಸಂತೋಷಪಡಿ, ಆದರೆ ಅದರಿಂದ ಬಂಗಲೆ ಕಟ್ಟಿಸುವ ಲೆಕ್ಕ ಹಾಕಬೇಡಿ.

1839ರಲ್ಲಿ ಸುಮಾರು 7.6 ಕೋಟಿ ಇದ್ದ ಪತ್ರಗಳ ಸಂಖ್ಯೆ ಮರುವರ್ಷ ಎರಡು ಪಟ್ಟು ದಾಟಿತು. ಖಜಾನೆಯ ಕತೆ ಬೇರೆ. ನಿವ್ವಳ ಆದಾಯ 16 ಲಕ್ಷ ಪೌಂಡಿನಿಂದ ಸುಮಾರು 5 ಲಕ್ಷಕ್ಕೆ ಕುಸಿಯಿತು. ಪತ್ರಗಳು ಐದಾರು ಪಟ್ಟಾಗಿ ನಷ್ಟ ಬೇಗ ತುಂಬುತ್ತದೆ ಎಂದು ಹಿಲ್ ನಂಬಿದ್ದರು. ಆ ಅಂದಾಜು ತಪ್ಪಿತು, ಒಟ್ಟು ಆದಾಯ ಹಳೆಯ ಮಟ್ಟ ಮುಟ್ಟಲು ಹತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ಸರ್ಕಾರ ಬದಲಾದ ಮೇಲೆ 1842ರಲ್ಲಿ ಅವರನ್ನು ಕೆಲಸದಿಂದ ತೆಗೆದರು. ಅವರು ಲಂಡನ್-ಬ್ರೈಟನ್ ರೈಲ್ವೆ ಕಂಪನಿ ಸೇರಿದರು. ಜನ ಮರೆಯಲಿಲ್ಲ, ಚಂದಾ ಎತ್ತಿ 13,000 ಪೌಂಡ್ ಕೊಟ್ಟರು. 1846ರಲ್ಲಿ ಅಂಚೆಗೆ ಮರಳಿದ ಹಿಲ್ 1854ರಲ್ಲಿ ಇಲಾಖೆಯ ಕಾರ್ಯದರ್ಶಿಯಾದರು. ಅವರು ಸುಲಭದ ಮನುಷ್ಯರಾಗಿರಲಿಲ್ಲ, ತಮ್ಮ ಮಾತೇ ನಡೆಯಬೇಕೆಂಬ ಹಟವಿತ್ತು. ಅದೇ ಇಲಾಖೆಯಲ್ಲಿದ್ದ ಕಾದಂಬರಿಕಾರ ಆಂಥನಿ ಟ್ರೊಲೋಪ್‌ಗೂ ಅವರಿಗೂ ಎಣ್ಣೆ ಸೀಗೇಕಾಯಿ.

ಹಿಲ್ ಕಾರ್ಯದರ್ಶಿಯಾದ ವರ್ಷವೇ ಭಾರತದಲ್ಲೂ ದೂರ ನೋಡದ ಒಂದೇ ದರ ಬಂತು. 1837ರ ದರದಲ್ಲಿ ಕಲ್ಕತ್ತಾದಿಂದ ಮುಂಬೈಗೆ ಒಂದು ತೊಲ ಪತ್ರಕ್ಕೆ ಒಂದು ರೂಪಾಯಿ. 1854ರಲ್ಲಿ ಕಾಲು ತೊಲದ ಪತ್ರ ಅರ್ಧ ಆಣೆಗೆ ದೇಶದ ಎಲ್ಲಿಗಾದರೂ ಹೋಗತೊಡಗಿತು. ಮೈಸೂರು ಸಂಸ್ಥಾನದಲ್ಲಿ ಮಾತ್ರ ಚಿಕ್ಕದೇವರಾಜ ಒಡೆಯರ ಕಾಲದ ಸ್ವಂತ ಅಂಚೆ 1889ರವರೆಗೆ ನಡೆದು, ನಂತರ ಬ್ರಿಟಿಷ್ ಭಾರತದ ಅಂಚೆಯೊಳಗೆ ಸೇರಿತು.

ಹಿಲ್ ಹಾಕಿದ ನಿಯಮ ಇವತ್ತಿಗೂ ನಮ್ಮ ಕೈಯಲ್ಲಿದೆ. ಸಾಮಾನ್ಯ ಪತ್ರ ಪಕ್ಕದ ಬೀದಿಗೆ ಹೋಗಲಿ, ಲಡಾಖ್‌ಗೆ ಹೋಗಲಿ, ತೂಕಕ್ಕಷ್ಟೇ ದರ. ಸ್ಪೀಡ್ ಪೋಸ್ಟ್‌ನಲ್ಲಿ ದೂರವೂ ಲೆಕ್ಕಕ್ಕೆ ಬರುತ್ತದೆ. ದಪ್ಪ ಮದುವೆ ಕಾಗದಗಳನ್ನು ಕಳಿಸುವ ಮೊದಲು ಒಂದನ್ನು ತೂಗಿಸಿ ನೋಡುವುದು ಒಳ್ಳೆಯದು, ಏಕೆಂದರೆ ಚೀಟಿ ಕಡಿಮೆ ಅಂಟಿಸಿದರೆ ಕೊರತೆಯ ಎರಡರಷ್ಟನ್ನು ನಿಮ್ಮ ನೆಂಟರಿಂದ ಕೇಳುತ್ತಾರೆ. ಹಿರಿಯರು ಬೇರಿಂಗ್ ಕಾಗದ ಎನ್ನುತ್ತಿದ್ದುದು ಇದನ್ನೇ. ಕ್ಯಾಶ್ ಆನ್ ಡೆಲಿವರಿ, ವಿದೇಶಿ ಪಾರ್ಸೆಲಿನ ಸುಂಕ ಇಂಥವು ಬಿಟ್ಟರೆ ಪಡೆಯುವವರು ಹಣ ಕೊಡುವ ಪದ್ಧತಿ ಈಗಿಲ್ಲ. ನಿಮ್ಮ ಪಾರ್ಸೆಲ್ ನಿಂತಿದೆ, ವಿಳಾಸ ಸರಿಪಡಿಸಲು ಈ ಲಿಂಕ್‌ನಲ್ಲಿ ಹಣ ಕಟ್ಟಿ ಎಂದು ಅಂಚೆ ಇಲಾಖೆಯ ಹೆಸರಿನಲ್ಲಿ ಬರುವ ಸಂದೇಶಗಳು ವಂಚಕರವು. ಲಿಂಕ್ ಒತ್ತದೆ ಹತ್ತಿರದ ಅಂಚೆ ಕಚೇರಿಯಲ್ಲಿ ವಿಚಾರಿಸಿ.

ಹಿಲ್‌ಗೆ 1860ರಲ್ಲಿ ಸರ್ ಪದವಿ ಬಂತು. ಆರೋಗ್ಯ ಕೆಟ್ಟು 1864ರಲ್ಲಿ ನಿವೃತ್ತರಾದರು. 1879ರ ಆಗಸ್ಟ್ 27ರಂದು ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ ತೀರಿಕೊಂಡಾಗ ಅವರಿಗೆ 83 ವರ್ಷ. ಹಳೆ ಬಟ್ಟೆ ಮಾರಿ ಅಂಚೆ ಹಣ ತಂದಿದ್ದ ಹುಡುಗನನ್ನು ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಮಣ್ಣು ಮಾಡಿದರು.