ರೈಲಿನಲ್ಲಿ ಪೇಪರ್ ಮಾರಿದ ಹುಡುಗ



ಥಾಮಸ್ ಆಲ್ವಾ ಎಡಿಸನ್ ಅಂದ ಕೂಡಲೇ ನಮಗೆಲ್ಲ ಬಲ್ಬು ನೆನಪಾಗುತ್ತದೆ. ಆದರೆ ನಾನು ಬರೆಯೋದು ಬಲ್ಬಿನ ಕಥೆಯಲ್ಲ. ನಮ್ಮ ವಯಸ್ಸಿನಲ್ಲಿ ಅವರು ವ್ಯಾಪಾರ ಕಲಿತ ಕಥೆ.

ಎಡಿಸನ್ ಅವರು 1847ನೇ ಇಸವಿ ಫೆಬ್ರವರಿ 11ರಂದು ಅಮೆರಿಕಾದ ಓಹಾಯೋ ರಾಜ್ಯದ ಮಿಲಾನ್ ಎಂಬ ಊರಿನಲ್ಲಿ ಹುಟ್ಟಿದರು. ಆಮೇಲೆ ಮನೆಯವರು ಪೋರ್ಟ್ ಹ್ಯೂರಾನ್ ಎಂಬ ಊರಿಗೆ ಬಂದರು. ಶಾಲೆಗೆ ಹೋಗಿದ್ದು ಕೆಲವೇ ತಿಂಗಳು. ತಾಯಿ ನ್ಯಾನ್ಸಿ ಅವರೇ ಮನೆಯಲ್ಲಿ ಪಾಠ ಹೇಳಿಕೊಟ್ಟರು.

1859ರಲ್ಲಿ, ಹನ್ನೆರಡು ವರ್ಷಕ್ಕೇ, ಹುಡುಗ ರೈಲಿನಲ್ಲಿ ಪೇಪರ್, ಮಿಠಾಯಿ, ಹಣ್ಣು ಮಾರೋಕೆ ಸೇರಿದ. ರೈಲು ಬೆಳಿಗ್ಗೆ ಹೊರಟು ಸುಮಾರು 100 ಕಿಲೋಮೀಟರ್ ದೂರದ ಡೆಟ್ರಾಯ್ಟ್ ನಗರಕ್ಕೆ ಹೋಗಿ ರಾತ್ರಿ ವಾಪಸ್ ಬರ್ತಿತ್ತು. ನಡುವೆ ಬಿಡುವು ಸಿಕ್ಕಾಗ ಅಲ್ಲಿನ ಲೈಬ್ರರಿಯಲ್ಲಿ ಓದುತ್ತಿದ್ದ. ತನ್ನೂರಿನಲ್ಲಿ ಎರಡು ಅಂಗಡಿ ಇಟ್ಟು ಬೇರೆ ಹುಡುಗರನ್ನು ಕೂರಿಸಿದ್ದ.

ಆಗ ಅಮೆರಿಕಾದಲ್ಲಿ ಅಂತರ್ಯುದ್ಧ ನಡೀತಿತ್ತು. 1862ರ ಏಪ್ರಿಲ್‌ನಲ್ಲಿ ಶೈಲೋ ಎಂಬಲ್ಲಿ ದೊಡ್ಡ ಯುದ್ಧವಾಯಿತು. ಡೆಟ್ರಾಯ್ಟ್‌ನಲ್ಲಿ ಸುದ್ದಿ ಹಲಗೆಯ ಮುಂದೆ ಜನ ಮುಗಿಬಿದ್ದಿದ್ದನ್ನು ಹುಡುಗ ನೋಡಿದ. ಮುಂದಿನ ಸ್ಟೇಷನ್ನುಗಳಿಗೆ ತಂತಿ ಕಳಿಸಿ ಸುದ್ದಿಯ ತಲೆಬರಹ ಬರೆಸಿ ಹಾಕಿಸಿದ. ಕೈಯಲ್ಲಿ ಸಾಕಷ್ಟು ದುಡ್ಡಿರಲಿಲ್ಲ. ಪತ್ರಿಕೆಯ ಕಚೇರಿಗೇ ಹೋಗಿ 1000 ಪ್ರತಿ ಸಾಲ ಕೇಳಿ ತಂದ. ರೈಲು ಬರೋ ಹೊತ್ತಿಗೆ ಪ್ರತಿ ಸ್ಟೇಷನ್ನಿನಲ್ಲೂ ಜನ ಕಾಯ್ತಾ ಇದ್ದರು! 5 ಸೆಂಟ್ ಪೇಪರ್ ಕೊನೆಗೆ 25 ಸೆಂಟಿಗೆ ಹೋಯಿತು.

ಈ ಕಥೆ ನಮ್ಮ ಅಜ್ಜಿಗೆ ಹೇಳಿದೆ. ಯುದ್ಧದ ಸುದ್ದಿಗೆ ಐದು ಪಟ್ಟು ದುಡ್ಡು ತಗೊಂಡಿದ್ದು ತಪ್ಪು ಅಂದರು. ನನಗೂ ಹಾಗೇ ಅನ್ನಿಸಿತು. ಆದರೆ ಜನರಿಗೆ ಏನು ಬೇಕು ಅಂತ ಮೊದಲೇ ತಿಳಿದುಕೊಂಡನಲ್ಲ, ಅದು ಜಾಣತನ.

ಅದೇ ವರ್ಷ ಹಳೆಯ ಮುದ್ರಣ ಯಂತ್ರವೊಂದನ್ನು ರೈಲಿನ ಸಾಮಾನು ಡಬ್ಬಿಯಲ್ಲಿಟ್ಟು ತನ್ನದೇ ಪತ್ರಿಕೆ ಅಚ್ಚು ಹಾಕಿದ. ನಮ್ಮ ಗೋಡೆ ಪತ್ರಿಕೆ ಹಾಗೆಯೇ ಅದೂ ಚಿಕ್ಕದು. ಸುದ್ದಿ ಬರೆಯೋನೂ ಅವನೇ, ಮಾರೋನೂ ಅವನೇ.

ಮುಂದೆ ಅವರು ಒಂದು ಸಲ ಸೋತರು. 1869ರಲ್ಲಿ ಶಾಸನಸಭೆಯ ಮತ ಎಣಿಸುವ ಯಂತ್ರಕ್ಕೆ ಮೊದಲ ಪೇಟೆಂಟ್ ಸಿಕ್ಕಿತು. ಯಂತ್ರ ಚೆನ್ನಾಗಿತ್ತು, ಆದರೆ ಯಾರಿಗೂ ಬೇಕಾಗಿರಲಿಲ್ಲ. ಜನರಿಗೆ ಬೇಡದ್ದನ್ನು ಇನ್ನು ಮಾಡಬಾರದು ಅಂತ ಆಗ ತೀರ್ಮಾನ ಮಾಡಿದರು. 1879ರಲ್ಲಿ ಬಹಳ ಹೊತ್ತು ಉರಿಯುವ ಬಲ್ಬು ಮಾಡಿ, 1882ರಲ್ಲಿ ನ್ಯೂಯಾರ್ಕ್‌ನಲ್ಲಿ ವಿದ್ಯುತ್ ಕೇಂದ್ರವನ್ನೇ ಕಟ್ಟಿ ಮನೆ ಅಂಗಡಿಗಳಿಗೆ ಕರೆಂಟ್ ಕೊಟ್ಟರು. ಅಮೆರಿಕಾದಲ್ಲಿ 1093 ಪೇಟೆಂಟ್ ಪಡೆದ ಅವರು 1931ರ ಅಕ್ಟೋಬರ್ 18ರಂದು ತೀರಿಕೊಂಡರು.

ನಾನು ಅಮ್ಮನ ಜೊತೆ ಸಂತೆಯಲ್ಲಿ ಸೊಪ್ಪು ಮಾರುತ್ತೇನೆ. ಕ್ಲಾಸಿನವರು ಬಂದರೆ ನಾಚಿಕೆಯಾಗಿ ಬುಟ್ಟಿ ಹಿಂದೆ ಕೂತುಬಿಡ್ತಿದ್ದೆ. ಈಗ ಹಾಗೆ ಮಾಡೋದಿಲ್ಲ. ಯಾವ ಸೊಪ್ಪು ಬೇಗ ಖಾಲಿಯಾಯಿತು, ಯಾವುದು ಉಳಿಯಿತು ಅಂತ ಲೆಕ್ಕದ ನೋಟ್‌ಬುಕ್ಕಿನ ಕೊನೆ ಹಾಳೆಯಲ್ಲಿ ಬರೆದಿಡುತ್ತೇನೆ. ಹೋದ ಸಂತೆಗೆ ಮೆಂತ್ಯ ಜಾಸ್ತಿ, ದಂಟು ಕಡಿಮೆ ತಗೊಂಡು ಹೋದೆವು. ಏನೂ ಉಳಿಯಲಿಲ್ಲ.

ಎಡಿಸನ್ ಶಾಲೆ ಬಿಟ್ಟೇ ದೊಡ್ಡವರಾದರು, ನಾವೂ ಬಿಡೋಣ ಅಂತ ಕೆಲವರು ಹೇಳ್ತಾರೆ. ನಾನು ಒಪ್ಪೋದಿಲ್ಲ. ಅವರು ಶಾಲೆ ಬಿಟ್ಟರು, ಓದು ಬಿಡಲಿಲ್ಲ. ನಮಗೆ ಶಾಲೆಯೂ ಇರಲಿ, ಸಂತೆಯೂ ಇರಲಿ.