ಶಂಕ್ರಣ್ಣ ಗಳಿಸಿದ್ದೆಲ್ಲ ಎಲ್ಲಿ ಹೋಯ್ತು?

ಕಳೆದ ಸೆಮಿಸ್ಟರ್‌ನಲ್ಲಿ ನಾವು ಐದು ಜನ ಸೇರಿ 12 ನಿಮಿಷದ ಒಂದು ಕಿರುಚಿತ್ರ ಮಾಡಿದೆವು. ತಲಾ ಮೂರು ಸಾವಿರ ಹಾಕಿದ್ದೆವು. ನನ್ನ ಪಾಲು, ಪರೀಕ್ಷೆ ಫೀಸಿಗೆಂದು ಅಪ್ಪ ಕಳಿಸಿದ ದುಡ್ಡು. ಚಿತ್ರ ನೋಡೋಕೆ ಚೆನ್ನಾಗೇ ಇತ್ತು, ಆದರೆ ಒಂದು ಮಾತೂ ಕೇಳಿಸಲಿಲ್ಲ. ಹಾಸ್ಟೆಲ್ ಹಿಂದಿನ ಜನರೇಟರೇ ಹೀರೊ! ಫೀಸು ಕಟ್ಟಿದೆಯಾ ಎಂದು ಅಪ್ಪ ಫೋನಿನಲ್ಲಿ ವಿಚಾರಿಸಿದಾಗ ನಾನು ನೆಟ್‌ವರ್ಕ್ ಇಲ್ಲದವನಂತೆ ನಟಿಸಿದೆ. ಜೀವನದಲ್ಲಿ ನಾನು ಮಾಡಿದ ಒಳ್ಳೆಯ ನಟನೆ ಅದೊಂದೇ.

ಆ ವಾರವೇ ಶಂಕರ್‌ನಾಗ್ ಬಗ್ಗೆ ಓದಲು ಕೂತೆ. ಆಟೊ ಹಿಂದೆ ದಿನಾ ಕಾಣುವ ನಟ ಶಂಕರ್‌ನಾಗ್ ಬಗ್ಗೆ ಅಲ್ಲ, ಕೈಯಿಂದ ದುಡ್ಡು ಹಾಕಿ ಚಿತ್ರ ಮಾಡಿದ ಶಂಕರ್‌ನಾಗ್ ಬಗ್ಗೆ.

ಹುಟ್ಟಿದ್ದು 1954ರ ನವೆಂಬರ್ 9ರಂದು, ಹೊನ್ನಾವರದ ಹತ್ತಿರದ ಮಲ್ಲಾಪುರದಲ್ಲಿ. ಅಣ್ಣ ಅನಂತನಾಗ್ ಇದ್ದ ಮುಂಬೈಗೆ ಹೋಗಿ ಅಲ್ಲಿನ ಮರಾಠಿ ನಾಟಕಗಳಲ್ಲಿ ಪಳಗಿದರು. ಗಿರೀಶ ಕಾರ್ನಾಡರು ‘ಒಂದಾನೊಂದು ಕಾಲದಲ್ಲಿ’ ಚಿತ್ರಕ್ಕೆ ಅವರನ್ನು ಕರೆತಂದರು. ಆ ಮೊದಲ ಕನ್ನಡ ಚಿತ್ರಕ್ಕೇ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ಬಂತು.

ಇಂಥ ಪ್ರಶಸ್ತಿ ಬಂದವರು ಕಲಾತ್ಮಕ ಚಿತ್ರಗಳಲ್ಲೇ ಉಳಿದುಬಿಡುವುದುಂಟು. ಇವರು ಹಾಗೆ ಮಾಡಲಿಲ್ಲ. ‘ಆಟೊ ರಾಜ’ದಿಂದ ‘ಸಾಂಗ್ಲಿಯಾನ’ದವರೆಗೆ ಹನ್ನೆರಡೇ ವರ್ಷದಲ್ಲಿ ಎಂಬತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದರು. ಹೊಡೆದಾಟ, ಡ್ಯುಯೆಟ್ ಎಲ್ಲವೂ. ಎಲ್ಲವೂ ಒಳ್ಳೆಯ ಚಿತ್ರಗಳೇನಲ್ಲ, ಕೆಲವನ್ನು ನಾನು ಅರ್ಧಕ್ಕೇ ನಿಲ್ಲಿಸಿದ್ದೇನೆ. ಆದರೆ ಆ ಸಂಭಾವನೆ ಎಲ್ಲಿ ಹೋಗಿ ಸೇರುತ್ತಿತ್ತು ಎಂದು ತಿಳಿದ ಮೇಲೆ ಆ ಹೊಡೆದಾಟಗಳನ್ನು ನೋಡುವ ನನ್ನ ಕಣ್ಣೇ ಬದಲಾಯಿತು.

ಸೇರುತ್ತಿದ್ದುದು ‘ಸಂಕೇತ್’ಗೆ. ನಾಟಕ ತಂಡಕ್ಕೂ ಅದೇ ಹೆಸರು, ಚಿತ್ರ ಸಂಸ್ಥೆಗೂ ಅದೇ. ಅಣ್ಣನ ಜೊತೆ ಸೇರಿ ನಿರ್ಮಿಸಿ, ತಾವೇ ನಿರ್ದೇಶಿಸಿದ ‘ಮಿಂಚಿನ ಓಟ’ 1980ರಲ್ಲಿ ತೆರೆಗೆ ಬಂತು. ಆಗ ಅವರಿಗೆ 25 ವರ್ಷ, ನನಗಿಂತ ಐದೇ ವರ್ಷ ದೊಡ್ಡವರು. ಜೈಲಿನಿಂದ ತಪ್ಪಿಸಿಕೊಳ್ಳುವ ಕಾರು ಕಳ್ಳರ ಕಥೆ ಅದು. ಅದಕ್ಕೆ ರಾಜ್ಯ ಪ್ರಶಸ್ತಿಗಳು ಬಂದವು. ಆಮೇಲೆ ‘ಆಕ್ಸಿಡೆಂಟ್’. ಶ್ರೀಮಂತ ರಾಜಕಾರಣಿಯ ಮಗ ನಶೆಯಲ್ಲಿ ಕಾರು ಓಡಿಸಿ ಫುಟ್‌ಪಾತ್ ಮೇಲೆ ಮಲಗಿದ್ದವರನ್ನು ಕೊಲ್ಲುತ್ತಾನೆ, ಅಪ್ಪ ಅದನ್ನು ಮುಚ್ಚಿಹಾಕಲು ಹೊರಡುತ್ತಾನೆ. ಹಾಡು, ಕುಣಿತ ಇಲ್ಲದ ಇಂಥ ಕಥೆಗೆ ಬೇರೆ ಯಾರ ಮುಂದೆ ಹೋಗಿ ದುಡ್ಡು ಕೇಳುವುದು? ಸಾಮಾಜಿಕ ಸಮಸ್ಯೆ ಕುರಿತ ಅತ್ಯುತ್ತಮ ಚಿತ್ರವೆಂದು ಅದಕ್ಕೆ ರಾಷ್ಟ್ರಪ್ರಶಸ್ತಿ ಸಿಕ್ಕಿತು.

ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಯಾದ ನನಗೆ ಇವೆರಡಕ್ಕಿಂತ ಹೆಚ್ಚು ಹಿಡಿಸಿದ್ದು ಇನ್ನೊಂದು ಕೆಲಸ. ಆಗ ಕನ್ನಡ ಚಿತ್ರಗಳ ಹಾಡು, ಡಬ್ಬಿಂಗ್, ಮಿಕ್ಸಿಂಗ್ ಎಲ್ಲಕ್ಕೂ ಮದ್ರಾಸಿಗೇ ಓಡಬೇಕಿತ್ತು. ರೈಲು, ಲಾಡ್ಜು, ಊಟ, ಸ್ಟುಡಿಯೊ ಖಾಲಿಯಾಗುವವರೆಗೆ ಕಾಯುವುದು. ಸಣ್ಣ ಬಜೆಟ್ಟಿನ ಚಿತ್ರ ಅಲ್ಲೇ ಸೋತುಹೋಗುತ್ತದೆ. ಅಣ್ಣ ತಮ್ಮ ಬೆಂಗಳೂರಿನಲ್ಲೇ ‘ಸಂಕೇತ್’ ರೆಕಾರ್ಡಿಂಗ್ ಸ್ಟುಡಿಯೊ ಕಟ್ಟಿದರು. ಮೈಕು, ಮಿಕ್ಸರ್, ಸದ್ದು ಒಳಬಾರದ ಗೋಡೆ. ಜನರೇಟರ್ ಮುಂದೆ ನಿಂತು ಡೈಲಾಗ್ ಹೊಡೆದ ನಮ್ಮಂಥವರಿಗೆ ಆ ಗೋಡೆಯ ಬೆಲೆ ಗೊತ್ತು.

ಇನ್ನು ‘ಮಾಲ್ಗುಡಿ ಡೇಸ್’. ಇಲ್ಲಿ ನಿರ್ಮಾಪಕರು ಟಿ.ಎಸ್. ನರಸಿಂಹನ್, ಶಂಕರ್‌ನಾಗ್ ನಿರ್ದೇಶಕರು. ಆರ್.ಕೆ. ನಾರಾಯಣ್ ಕಲ್ಪಿಸಿದ ಊರನ್ನು ಸೆಟ್ ಹಾಕಿ ನಿಲ್ಲಿಸುವ ಬದಲು ಆಗುಂಬೆಯನ್ನೇ ಮಾಲ್ಗುಡಿ ಮಾಡಿದರು. ಅಲ್ಲಿನ ದೊಡ್ಡಮನೆಯೇ ಸ್ವಾಮಿಯ ಮನೆಯಾಯಿತು. ಮೊದಲ ಕಂತುಗಳನ್ನು ಹಿಂದಿ, ಇಂಗ್ಲಿಷ್ ಎರಡರಲ್ಲೂ ತೆಗೆದರು. ಮಳೆಗೆ ಹೆಸರಾದ ಊರಿನಲ್ಲಿ ಮಕ್ಕಳನ್ನು ಕಟ್ಟಿಕೊಂಡು ಇಷ್ಟು ಮಾಡುವುದೆಂದರೆ! ದೂರದರ್ಶನದಲ್ಲಿ ಬಂದಾಗ ಊರಿಗೊಂದೇ ಟಿ.ವಿ. ಇದ್ದ ಕಾಲ, ಶಾನುಭೋಗರ ಮನೆಯ ಕಿಟಕಿಯಿಂದ ನೋಡಿದ್ದಾಗಿ ಅಮ್ಮ ಈಗಲೂ ಹೇಳುತ್ತಾಳೆ.

ಇದರ ಮಧ್ಯೆ ಕಂಟ್ರಿ ಕ್ಲಬ್ಬು, ನಂದಿಬೆಟ್ಟಕ್ಕೆ ರೋಪ್‌ವೇ, ಬೆಂಗಳೂರಿಗೆ ಮೆಟ್ರೊ ಎಂಬ ಯೋಚನೆಗಳು. ಎಲ್ಲಕ್ಕೂ ಒಟ್ಟಿಗೇ ಕೈಹಾಕುವುದು ಜಾಣತನವೇ ಅಂತ ನನಗೆ ಅನುಮಾನವಿದೆ. ದುಡಿದ ದುಡ್ಡು ಇನ್ನೊಂದು ಕೆಲಸಕ್ಕೆ ಹೋಗುತ್ತಿದ್ದರೆ ಮನೆಯವರಿಗೆ ಎಷ್ಟು ಆತಂಕವಿದ್ದಿರಬೇಕು! ನಮ್ಮಪ್ಪನಂತೂ ಒಪ್ಪುತ್ತಿರಲಿಲ್ಲ.

1990ರ ಸೆಪ್ಟೆಂಬರ್ 30ರಂದು ‘ಜೋಕುಮಾರಸ್ವಾಮಿ’ ಚಿತ್ರೀಕರಣಕ್ಕೆ ಹೊರಟಿದ್ದ ಕಾರು ದಾವಣಗೆರೆ ಬಳಿಯ ಆನಗೋಡಿನಲ್ಲಿ ಅಪಘಾತಕ್ಕೀಡಾಯಿತು. ಅವರಿಗಿನ್ನೂ 36 ತುಂಬಿರಲಿಲ್ಲ. ಜೊತೆಗಿದ್ದ ಅರುಂಧತಿ, ಮಗಳು ಕಾವ್ಯ ಉಳಿದರು. ಅರುಂಧತಿಯವರು ಮುಂದೆ ನಿಂತು ಕಟ್ಟಿದ ‘ರಂಗಶಂಕರ’ 2004ರಲ್ಲಿ ಜೆ.ಪಿ. ನಗರದಲ್ಲಿ ಬಾಗಿಲು ತೆರೆಯಿತು. ನಾನು ಮೊದಲ ನಾಟಕ ನೋಡಿದ್ದು ಅಲ್ಲೇ.

ಅಪ್ಪನಿಗೆ ಕೊನೆಗೂ ನಿಜ ಹೇಳಿದೆ. ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಚಿತ್ರ ಕಳಿಸು ಎಂದರು. ಈಗ ಗೆಳೆಯನ ರೂಮಿನ ಗೋಡೆಗೆಲ್ಲ ಕಂಬಳಿ ನೇತುಹಾಕಿ ಡಬ್ಬಿಂಗ್ ಮಾಡುತ್ತಿದ್ದೇವೆ. ಏಳು ನಿಮಿಷದಷ್ಟು ಮುಗಿದಿದೆ.