ಆಂಬ್ರೋಸ್ ಫಿಲಿಪ್ಸ್: ಪದವಾಗಿ ಉಳಿದ ಕವಿ

ಲೋಣಾವಳಾದ ಸಮೀಪದಲ್ಲಿರುವ ಕಾರ್ಲೆಯ ಚೈತ್ಯಗೃಹದಲ್ಲಿ ವೈಜಯಂತಿಯ ಶ್ರೇಷ್ಠಿ ಭೂತಪಾಲನ ಹೆಸರು ಕಲ್ಲಿನಲ್ಲಿ ಉಳಿದಿದೆ. ವೈಜಯಂತಿಯೆಂದರೆ ನಮ್ಮ ಬನವಾಸಿಯೆಂಬುದು ವಿದ್ವಾಂಸರ ಮತ. ಆತನದು ಕೀರ್ತಿಯ ಉಳಿವು. ಆಂಗ್ಲಕವಿ ಆಂಬ್ರೋಸ್ ಫಿಲಿಪ್ಸನ ಹೆಸರಾದರೋ ಪರಿಹಾಸದ ಒಂದು ಪದವಾಗಿ ಉಳಿಯಿತು.

೧೬೭೪ರಲ್ಲಿ ಶ್ರಾಪ್‌ಷೈರ್ ಪ್ರಾಂತದಲ್ಲಿ ಜನಿಸಿದ ಫಿಲಿಪ್ಸ್ ಕೇಂಬ್ರಿಜ್ಜಿನಲ್ಲಿ ವ್ಯಾಸಂಗ ಮಾಡಿದನು. ೧೭೦೯ರಲ್ಲಿ ಅವನ ಗೋಪಗೀತಗಳು ಪ್ರಕಟವಾದವು. ಅದೇ ಸಂಕಲನದಲ್ಲಿ ಇಪ್ಪತ್ತರ ಹರೆಯದ ಅಲೆಗ್ಸಾಂಡರ್ ಪೋಪನ ಗೋಪಗೀತಗಳೂ ಇದ್ದುದು ಅವನ ದುರ್ದೈವ. ೧೭೧೩ರಲ್ಲಿ ‘ಗಾರ್ಡಿಯನ್’ ಪತ್ರಿಕೆ ಫಿಲಿಪ್ಸನನ್ನು ಕೊಂಡಾಡಿ ಪೋಪನನ್ನು ಕಡೆಗಣಿಸಿತು. ಪೋಪ್ ಕೆರಳಿದನು, ಆದರೆ ಜಗಳವಾಡಲಿಲ್ಲ. ಹೆಸರಿಲ್ಲದ ಲೇಖನವೊಂದನ್ನು ಅದೇ ಪತ್ರಿಕೆಗೆ ಕಳುಹಿಸಿ, ಫಿಲಿಪ್ಸನ ಅತ್ಯಂತ ದುರ್ಬಲವಾದ ಸಾಲುಗಳನ್ನೇ ಆಯ್ದು ಹೊಗಳಿದನು. ನಿಂದಾಸ್ತುತಿಯ ಇಂತಹ ಜಾಣತನ ವಿಮರ್ಶೆಯ ಇತಿಹಾಸದಲ್ಲಿ ಅಪರೂಪ. ಫಿಲಿಪ್ಸ್ ಕಾಫಿಗೃಹವೊಂದರಲ್ಲಿ ಬೆತ್ತವನ್ನು ತೂಗುಹಾಕಿ ಪೋಪನಿಗಾಗಿ ಕಾದನೆಂದು ಹೇಳುವುದುಂಟು.

ಮುಂದೆ ಫಿಲಿಪ್ಸ್ ಅಧಿಕಾರಸ್ಥರ ಎಳೆಯ ಮಕ್ಕಳನ್ನು ಕುರಿತು ಕಿರುಸಾಲುಗಳ ಪದ್ಯಗಳನ್ನು ರಚಿಸತೊಡಗಿದನು. ಅವುಗಳಲ್ಲಿ ವಾತ್ಸಲ್ಯವೂ ಇತ್ತು, ಓಲೈಕೆಯೂ ಇತ್ತು. ೧೭೨೫ರಲ್ಲಿ ಹೆನ್ರಿ ಕೇರಿ ಎಂಬ ಕವಿ ಅದೇ ಧಾಟಿಯಲ್ಲಿ ಅಣಕುಪದ್ಯ ಬರೆದು, ಅದಕ್ಕೆ ‘ನ್ಯಾಂಬಿ-ಪ್ಯಾಂಬಿ’ ಎಂದು ಹೆಸರಿಟ್ಟನು. ಆಂಬ್ರೋಸ್ ಎಂಬುದನ್ನು ಮುದ್ದಿಗಾಗಿ ಮೊಟಕುಗೊಳಿಸಿ, ಮೊದಲು ನಕಾರವನ್ನೂ ಮರುನುಡಿಯಲ್ಲಿ ಮನೆತನದ ಹೆಸರಿನ ಆದ್ಯಕ್ಷರವನ್ನೂ ಸೇರಿಸಿದಾಗ ಈ ತೊದಲು ಹುಟ್ಟುತ್ತದೆ. ಕನ್ನಡದ ‘ಪುಸ್ತಕ-ಗಿಸ್ತಕ’ದಲ್ಲಿ ಮರುನುಡಿ ತರುವ ತಾತ್ಸಾರದ ಛಾಯೆಯನ್ನು ಬಲ್ಲವರಿಗೆ ಇದರ ಕುಟುಕು ಬೇಗ ತಿಳಿಯುತ್ತದೆ. ಪೋಪ್ ಆ ಹೆಸರನ್ನು ತನ್ನ ಕಾವ್ಯದಲ್ಲಿಯೂ ಬಳಸಿದನು. ಶತಮಾನದ ನಡುವಿನ ಹೊತ್ತಿಗೆ ಅದು ಅಂಕಿತನಾಮವಾಗಿ ಉಳಿಯದೆ, ಗಟ್ಟಿತನವಿಲ್ಲದ ಹಸಿಭಾವುಕತೆಯನ್ನು ಸೂಚಿಸುವ ಗುಣವಾಚಕವಾಯಿತು.

ನಮ್ಮ ಹರಿಹರನನ್ನೂ ರಗಳೆಯ ಕವಿಯೆಂದು ಹಳಿದರೆಂಬ ಐತಿಹ್ಯವಿದೆ. ಅವನು ‘ಗಿರಿಜಾಕಲ್ಯಾಣ’ವೆಂಬ ಚಂಪುವನ್ನು ಬರೆದು ಉತ್ತರ ಕೊಟ್ಟನಂತೆ. ಫಿಲಿಪ್ಸನಲ್ಲಿ ಅಂತಹ ಉತ್ತರವಿರಲಿಲ್ಲ. ೧೭೨೪ರಲ್ಲಿಯೇ ಆರ್ಚ್‌ಬಿಷಪ್ ಬೋಲ್ಟರನ ಕಾರ್ಯದರ್ಶಿಯಾಗಿ ಐರ್ಲೆಂಡಿಗೆ ತೆರಳಿದ್ದ ಅವನು ಅಲ್ಲಿಯ ಸಂಸತ್ತಿನ ಸದಸ್ಯನಾಗಿ, ನ್ಯಾಯಾಧೀಶನಾಗಿ ಗೌರವದಿಂದ ಬಾಳಿದನು. ೧೭೪೮ರಲ್ಲಿ ಲಂಡನ್ನಿಗೆ ಮರಳಿ, ಮರುವರ್ಷ ತೀರಿಕೊಂಡನು.

ಮೂರು ದಶಕಗಳ ತರುವಾಯ ಅವನ ಚರಿತೆಯನ್ನು ಬರೆದ ಡಾ. ಜಾನ್ಸನ್ ಅವನ ವಿಷಯದಲ್ಲಿ ಉದಾರಿಯೇನಲ್ಲ. ಆದರೂ ಫಿಲಿಪ್ಸನ ಕವಿತೆಗಳಲ್ಲಿ ಹೆಚ್ಚು ಮೆಚ್ಚುಗೆಯಾಗುವಂಥವು, ಅವನಿಗೆ ಆ ಅಡ್ಡಹೆಸರನ್ನು ತಂದ ಕಿರುಪದ್ಯಗಳೇ ಎಂದು ಆತ ಒಪ್ಪಿದ್ದಾನೆ.